ಪದ ಪರಿಚಯ: ಸ್ಟ್ರೀಟ್ ಸರ್ಕ್ಯೂಟ್

ಊರಿನ ನಿತ್ಯದ ರಸ್ತೆಗಳನ್ನು ಕೆಲವು ದಿನಗಳ ಮಟ್ಟಿಗೆ ಮುಚ್ಚಿ, ಇಕ್ಕೆಲಗಳಲ್ಲಿ ತಡೆಗೋಡೆ ನಿಲ್ಲಿಸಿ ಮೋಟಾರು ರೇಸ್‌ಗೆ ಅಣಿಗೊಳಿಸಿದ ಪಥವೇ ಸ್ಟ್ರೀಟ್ ಸರ್ಕ್ಯೂಟ್. ಇವುಗಳಲ್ಲಿ ಹೆಸರಾಂತದ್ದು ಮೊನಾಕೊ. ಅಲ್ಲಿ ಮೊದಲ ಗ್ರ್ಯಾನ್ ಪ್ರಿ ರೇಸ್ ನಡೆದದ್ದು 1929ರಲ್ಲಿ. ಮಕಾವ್, ಸಿಂಗಪುರ, ಬಾಕು, ಲಾಸ್ ವೇಗಸ್‌ಗಳ ಪಥಗಳೂ ಇದೇ ಸಾಲಿನವು.

ರೇಸ್‌ಗೆಂದೇ ಕಟ್ಟಿದ ಟ್ರ್ಯಾಕ್‌ನಲ್ಲಿ ಚಾಲಕ ತಪ್ಪಿದರೆ ಕಾರು ಜಲ್ಲಿಗೋ ಹುಲ್ಲಿಗೋ ಇಳಿಯುತ್ತದೆ, ಎಷ್ಟೋ ಸಲ ಮತ್ತೆ ಪಥಕ್ಕೆ ಮರಳುತ್ತದೆ. ಬೀದಿಯಲ್ಲಿ ಆ ಖಾಲಿ ಜಾಗವೇ ಇಲ್ಲ. ಕಟ್ಟಡಗಳ ನಡುವೆ ಸಿಕ್ಕಷ್ಟರಲ್ಲೇ ಪಥ ಸಾಗಬೇಕು. ಬಾಕುವಿನಲ್ಲಿ ಹಳೆಯ ಕೋಟೆಯ ಬದಿಯ ಏರುತಿರುವಿನಲ್ಲಿ ರಸ್ತೆಯ ಅಗಲ 7.6 ಮೀಟರ್ ಮಾತ್ರ. ಅದೇ ಪಥದಲ್ಲಿ ಸುಮಾರು 2.2 ಕಿಲೋಮೀಟರ್ ಉದ್ದಕ್ಕೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯದೆ ಓಡಿಸಬಹುದಾದ ಭಾಗವೂ ಇದೆ. ತಿರುವಿಗೆ ಬೇಕಾದ ಡೌನ್‌ಫೋರ್ಸ್ (ಗಾಳಿ ಕಾರನ್ನು ನೆಲಕ್ಕೆ ಒತ್ತುವ ಬಲ) ಕೊಟ್ಟರೆ ನೇರ ದಾರಿಯಲ್ಲಿ ವೇಗ ಕುಗ್ಗುತ್ತದೆ, ಅದನ್ನು ಇಳಿಸಿದರೆ ತಿರುವಿನಲ್ಲಿ ಹಿಡಿತ ತಪ್ಪುತ್ತದೆ. ಎಂಜಿನಿಯರ್‌ಗಳ ನಿಜವಾದ ತಲೆನೋವು ಇದು.

ನನ್ನ ಮಟ್ಟಿಗೆ ಗೋಡೆಗಿಂತಲೂ ಕುತೂಹಲದ ಸಂಗತಿ ರಸ್ತೆಯ ಮೈ. ಮಳೆನೀರು ಹರಿದುಹೋಗಲೆಂದು ನಡುವನ್ನು ಎತ್ತರಿಸಿ ಅಂಚನ್ನು ಇಳಿಸಿರುತ್ತಾರೆ, ಅದು ಕಾರಿನ ಸಮತೋಲನ ಕೆಡಿಸುತ್ತದೆ. ಬಿಳಿ ಪಟ್ಟೆಗಳ ಬಣ್ಣ ನೀರು ಬಿದ್ದೊಡನೆ ಜಾರುತ್ತದೆ. ಮೊದಲ ದಿನ ದೂಳು ತುಂಬಿದ್ದ ರಸ್ತೆಗೆ ಟೈರುಗಳ ರಬ್ಬರ್ ಅಂಟುತ್ತ ಹೋದಂತೆ ಹಿಡಿತ ಹೆಚ್ಚುತ್ತದೆ. ಹಾಗಾಗಿ ಶುಕ್ರವಾರದ ಅಭ್ಯಾಸದ ಲೆಕ್ಕ ಭಾನುವಾರದ ರೇಸ್‌ಗೆ ಹೊಂದುವುದಿಲ್ಲ. ಮ್ಯಾನ್‌ಹೋಲ್ ಮುಚ್ಚಳಗಳೂ ಅಪಾಯವೇ: ಕಾರಿನ ತಳದಲ್ಲಿ ಉಂಟಾಗುವ ಕಡಿಮೆ ಒತ್ತಡ ಅವನ್ನು ಮೇಲಕ್ಕೆ ಎಳೆಯುತ್ತದೆ. ಆದ್ದರಿಂದ ಮೊದಲೇ ಭದ್ರಪಡಿಸುತ್ತಾರೆ. ಆದರೂ 2023ರಲ್ಲಿ ಲಾಸ್ ವೇಗಸ್‌ನ ಮೊದಲ ಅಭ್ಯಾಸದಲ್ಲೇ ನೀರಿನ ವಾಲ್ವ್‌ನ ಮುಚ್ಚಳ ಸಡಿಲಗೊಂಡು ಕಾರ್ಲೋಸ್ ಸೈನ್ಸ್ ಅವರ ಫೆರಾರಿಯ ತಳವನ್ನು ಜಖಂಗೊಳಿಸಿತು.

ಕೆಟ್ಟುನಿಂತ ಕಾರನ್ನು ಬದಿಗೆ ಸರಿಸಲು ಜಾಗ ಕಡಿಮೆ. ಅದಕ್ಕೇ ಅಪಾಯದ ವೇಳೆ ಎಲ್ಲರ ಮುಂದೆ ಸಾಗಿ ವೇಗ ತಗ್ಗಿಸುವ ಸೇಫ್ಟಿ ಕಾರು ಪದೇಪದೇ ಬರುತ್ತದೆ. ಸಿಂಗಪುರದಲ್ಲಿ 2008ರಿಂದ 2023ರವರೆಗೆ ಅದು ಬಾರದ ಫಾರ್ಮುಲಾ ಒನ್ ರೇಸ್ ಒಂದೂ ಇಲ್ಲ. ಮೊನಾಕೊದಲ್ಲಂತೂ ಹಿಂದಿಕ್ಕುವುದೇ ದುಸ್ತರವಾದ್ದರಿಂದ ಯಾರು ಯಾವ ಸ್ಥಾನದಿಂದ ಹೊರಡಬೇಕೆಂದು ತೀರ್ಮಾನಿಸುವ ಶನಿವಾರದ ಅರ್ಹತಾ ಸುತ್ತೇ ಬಹುಪಾಲು ಫಲಿತಾಂಶವನ್ನು ನಿರ್ಧರಿಸುತ್ತದೆ.

ಇಲ್ಲಿ ಗಮನ ಎಷ್ಟು ಬೇಕು ಎಂಬುದಕ್ಕೆ 1988ರ ಮೊನಾಕೊ ರೇಸ್ ನೋಡಬೇಕು. ಐರ್ಟನ್ ಸೆನ್ನಾ ತಮ್ಮದೇ ತಂಡದ ಅಲೆನ್ ಪ್ರಾಸ್ಟ್‌ಗಿಂತ ಹೆಚ್ಚುಕಡಿಮೆ ಒಂದು ನಿಮಿಷ ಮುಂದಿದ್ದರು. ಬೆನ್ನಟ್ಟುವವರು ಹತ್ತಿರದಲ್ಲಿ ಯಾರೂ ಇರಲಿಲ್ಲ. 78 ಸುತ್ತುಗಳ ಪೈಕಿ 67ನೆಯದರಲ್ಲಿ, ಸುರಂಗಕ್ಕೆ ಮುಂಚಿನ ಪೋರ್ಟಿಯೆ ತಿರುವಿನಲ್ಲಿ ಏಕಾಗ್ರತೆ ಸಡಿಲವಾಗಿ ಕಾರು ತಡೆಗೋಡೆಗೆ ಬಡಿಯಿತು. ಕೆಳಗಿಳಿದ ಸೆನ್ನಾ ತಂಡದವರಿದ್ದ ಪಿಟ್‌ಗೆ ಹಿಂತಿರುಗಲಿಲ್ಲ, ಅದೇ ಊರಿನಲ್ಲಿದ್ದ ತಮ್ಮ ಮನೆಗೆ ನಡೆದುಹೋದರು.