ನಡುವಿನ ಪುಸ್ತಕ ತೆರೆಗೆ ಬಂದಾಗ

'ದಿ ಹಂಗರ್ ಗೇಮ್ಸ್' ಸರಣಿಯ ಮುಂದಿನ ಚಿತ್ರ 2026ರ ನವೆಂಬರ್‌ಗೆ ಎಂದು ಘೋಷಣೆಯಾಗಿದೆ. ಈ ಸಾಲಿನಲ್ಲಿ ನಿಜಕ್ಕೂ ಒಳ್ಳೆಯ ಚಿತ್ರ ಯಾವುದು, ಸರಣಿ ಹಳಿ ತಪ್ಪಿದ್ದೆಲ್ಲಿ ಎಂಬ ಚರ್ಚೆಗೆ ಗಳಿಕೆಯ ಲೆಕ್ಕ, ಮೂಲಕ್ಕೆ ನಿಷ್ಠೆ, ಕೊನೆಯ ಪುಸ್ತಕವನ್ನು ಎರಡು ತುಂಡು ಮಾಡಿದ್ದು, ಬೇರೆ ಸರಣಿಗಳು ನೆಲಕಚ್ಚಿದ್ದು ಎಲ್ಲವೂ ಸೇರಿ ಗೋಜಲಾಗಿದೆ. ಇದನ್ನು ಬಿಡಿಸಲು 2013ರಲ್ಲಿ ಬಂದ ಎರಡನೇ ಚಿತ್ರ 'ಕ್ಯಾಚಿಂಗ್ ಫೈರ್'ನಿಂದಲೇ ಶುರುಮಾಡಬೇಕು.

ಅದಕ್ಕೂ ಹಿಂದಿನದು ಇಷ್ಟು. ದಬ್ಬಾಳಿಕೆಯ ನಾಳೆಯನ್ನು ಹಕ್ಸ್‌ಲಿ 1932ರಲ್ಲಿ, ಆರ್ವೆಲ್ 1949ರಲ್ಲಿ ದೊಡ್ಡವರಿಗಾಗಿ ಬರೆದರು. 1993ರಲ್ಲಿ ಲೋಯಿಸ್ ಲೌರಿ ಅದನ್ನು ಮಕ್ಕಳ ಕೈಗಿಟ್ಟರು. 2008ರಿಂದ 2010ರ ನಡುವೆ ಈ ಸರಣಿಗೆ ಮೂಲವಾದ ಸುಝೇನ್ ಕಾಲಿನ್ಸ್ ಅವರ ಮೂರು ಕಾದಂಬರಿಗಳು ಬಂದವು.

2012ರ ಮೊದಲ ಚಿತ್ರಕ್ಕೆ ಇದ್ದದ್ದು ಸುಮಾರು 8 ಕೋಟಿ ಡಾಲರ್ ಬಜೆಟ್. ಸರ್ಕಾರವೇ ಜಿಲ್ಲೆಗಳಿಂದ ಮಕ್ಕಳನ್ನು ಅಖಾಡಕ್ಕಿಳಿಸಿ ನಡೆಸುವ ಟಿವಿ ಆಟದಲ್ಲಿ ಮಕ್ಕಳು ಮಕ್ಕಳನ್ನು ಕೊಲ್ಲುವ ಕಥೆ, ನೋಡಬೇಕಾದವರೂ ಹದಿಹರೆಯದವರೇ. ಹಾಗಾಗಿ ಹದಿಹರೆಯದವರೂ ನೋಡಬಹುದಾದ ಅಮೆರಿಕದ ಪಿಜಿ-13 ದರ್ಜೆ ದಾಟುವಂತಿರಲಿಲ್ಲ. ಕೈಯಲ್ಲೇ ಹಿಡಿದ ಕ್ಯಾಮೆರಾ, ಚಕಚಕ ಬದಲಾಗುವ ಶಾಟ್‌ಗಳು, ಕಂಡೂ ಕಾಣದಂಥ ಹಿಂಸೆ. ಬ್ರಿಟನ್ನಿನಲ್ಲಿ 12ಎ ಪ್ರಮಾಣಪತ್ರಕ್ಕಾಗಿ ಮತ್ತೂ 7 ಸೆಕೆಂಡು ಕತ್ತರಿ ಬಿತ್ತು. ಚಿತ್ರ ಗೆದ್ದಿತು, ನಿಜ; ಆದರೆ ಅಖಾಡದಲ್ಲಿ ಯಾರು ಎಲ್ಲಿದ್ದಾರೆ ಎಂಬುದು ನೋಡುಗನಿಗೆ ಹಿಡಿತಕ್ಕೆ ಸಿಗಲಿಲ್ಲ.

'ಕ್ಯಾಚಿಂಗ್ ಫೈರ್' ಹೊತ್ತಿಗೆ ನಿರ್ದೇಶಕರು ಬದಲಾದರು. ಫ್ರಾನ್ಸಿಸ್ ಲಾರೆನ್ಸ್ ಬಂದರು, ಬಜೆಟ್ ಏರಿತು. ಎದುರಿಗಿದ್ದದ್ದು ನಡುವಿನ ಪುಸ್ತಕದ ಹಳೆಯ ತೊಡಕು: ಕಥೆಗೆ ಹುಟ್ಟೂ ಇಲ್ಲ, ಮುಕ್ತಾಯವೂ ಇಲ್ಲ, ಮೇಲಾಗಿ ಮತ್ತೆ ಅದೇ ಅಖಾಡ. ಜೊತೆಗೆ ಕಾದಂಬರಿ ಪೂರ್ತಿ ನಾಯಕಿ ಕ್ಯಾಟ್ನಿಸ್‌ಳ 'ನಾನು'ವಿನಲ್ಲಿದೆ. ಅವಳಿಗೆ ಗೊತ್ತಿಲ್ಲದ್ದು ಓದುಗನಿಗೂ ಗೊತ್ತಾಗದು; ಬೆನ್ನ ಹಿಂದಿನ ಪಿತೂರಿ ಕೊನೆಯ ಪುಟಗಳವರೆಗೂ ಮುಚ್ಚಿರುವುದು ಆ ಕಾರಣಕ್ಕೇ. ತೆರೆಯ ಮೇಲೆ ಎರಡೂವರೆ ಗಂಟೆ ಅವಳ ಬೆನ್ನಿಗೇ ಅಂಟಿಕೊಂಡರೆ ಅಧಿಕಾರದ ಮುಖವೇ ಕಾಣುವುದಿಲ್ಲ.

ಚಿತ್ರಕಥೆ ಇದಕ್ಕೆ ಕಂಡುಕೊಂಡ ಉಪಾಯ ಬಲು ಜಾಣತನದ್ದು. ಪುಸ್ತಕದಲ್ಲಿಲ್ಲದ ದೃಶ್ಯಗಳಲ್ಲಿ ಅಧ್ಯಕ್ಷ ಸ್ನೋ ಮತ್ತು ಆಟದ ಹೊಸ ಮುಖ್ಯಸ್ಥ ಪ್ಲೂಟಾರ್ಕ್ ಕೂತು ಮಾತಾಡುತ್ತಾರೆ. ಟಿವಿಯಲ್ಲಿ ಒಮ್ಮೆ ಅವಳ ಮದುವೆ ಉಡುಪು ತೋರಿಸೋಣ, ಮರುಗಳಿಗೆ ಚಾಟಿಯೇಟು, ಮತ್ತೆ ಮದುವೆಯ ಕೇಕ್, ಮತ್ತೆ ಮರಣದಂಡನೆ ಎಂದು ಪ್ಲೂಟಾರ್ಕ್ ಸಲಹೆ ಕೊಡುತ್ತಾನೆ. ಮೊದಲ ಸಲ ನೋಡಿದವರಿಗೆ ಅದು ಕ್ರೌರ್ಯ. ಪ್ಲೂಟಾರ್ಕ್ ಗುಟ್ಟಾಗಿ ದಂಗೆಕೋರರ ಕಡೆಯವನು ಎಂಬ ಅಂತ್ಯ ತಿಳಿದು ಮತ್ತೆ ನೋಡಿದರೆ ಪ್ರತಿ ಸಲಹೆಯೂ ದಂಗೆಗೆ ತುಪ್ಪ ಸುರಿಯುವಂಥದ್ದೇ. ಗುಟ್ಟು ಬಿಟ್ಟುಕೊಡದೆ ಗುಟ್ಟನ್ನು ಕಣ್ಣೆದುರಿಗೇ ಇಟ್ಟಿದ್ದಾರೆ.

ಕಳೆದುಕೊಂಡದ್ದೂ ಉಂಟು. ಎಂಟನೇ ಜಿಲ್ಲೆಯಿಂದ ಓಡಿಬಂದ ಬಾನಿ ಮತ್ತು ಟ್ವಿಲ್ ಚಿತ್ರದಲ್ಲಿಲ್ಲ, ಹಾಗಾಗಿ ನಾಶವಾಯಿತೆಂದೇ ನಂಬಿದ್ದ ಹದಿಮೂರನೇ ಜಿಲ್ಲೆ ಇನ್ನೂ ಇದೆ ಎಂಬ ಸುದ್ದಿ ಕೊನೆಯಲ್ಲಿ ದಿಢೀರನೆ ಬಂದು ಬೀಳುತ್ತದೆ. ಪಾರ್ಟಿಯಲ್ಲಿ ಪ್ಲೂಟಾರ್ಕ್ ತೋರಿಸುವ ಗಡಿಯಾರವೂ ಇಲ್ಲ. ಅಖಾಡವೇ ಹನ್ನೆರಡು ಪಾಲಿನ ಗಡಿಯಾರ ಎಂಬುದಕ್ಕೆ ಪುಸ್ತಕದಲ್ಲಿ ಬಿತ್ತಿದ್ದ ಬೀಜ ಅದು. ತೆರೆಯ ಮೇಲೆ ವೈರೆಸ್ ಎಂಬ ಸ್ಪರ್ಧಿಯ 'ಟಿಕ್ ಟಾಕ್' ಒಂದೇ ಆ ಭಾರ ಹೊರಬೇಕಾಯಿತು.

ಅಖಾಡಕ್ಕೆ ಏರುವ ಕ್ಷಣವನ್ನಂತೂ ಬಿಡಿಸಿ ನೋಡಲೇಬೇಕು. ಗಾಜಿನ ಕೊಳವೆಯೊಳಗೆ ಕ್ಯಾಟ್ನಿಸ್. ಹೊರಗೆ ಅವಳ ವಸ್ತ್ರವಿನ್ಯಾಸಕ ಸಿನ್ನಾನಿಗೆ ಹೊಡೆತ. ಅವಳು ಗಾಜು ಗುದ್ದುತ್ತಿರುವಾಗಲೇ ಲಿಫ್ಟ್ ಮೇಲೇರುತ್ತದೆ. ಅಲ್ಲಿಯವರೆಗೆ ಅಗಲ ಪಟ್ಟಿಯಂತಿದ್ದ ಚೌಕಟ್ಟು ಐಮ್ಯಾಕ್ಸ್ ಎಂಬ ದೈತ್ಯ ಪರದೆಯಲ್ಲಿ ಅವಳು ಏರಿದಂತೆಲ್ಲ ಮೇಲಕ್ಕೂ ಕೆಳಕ್ಕೂ ತೆರೆದುಕೊಂಡು ಕಣ್ಣು ಕುಕ್ಕುವ ನೀರು, ಬೆಳಕು ತುಂಬುತ್ತದೆ. ಅಖಾಡದ ಭಾಗವನ್ನು ಐಮ್ಯಾಕ್ಸ್ ಫಿಲ್ಮ್ ಕ್ಯಾಮೆರಾದಲ್ಲೇ ತೆಗೆದರು. ಈ ಕ್ಯಾಮೆರಾ ಭಾರ, ಸದ್ದು ಜೋರು. ಒಂದು ರೀಲು ಸುಮಾರು ಮೂರು ನಿಮಿಷಕ್ಕೇ ಮುಗಿಯುತ್ತದೆ. ಮನಸ್ಸು ಬಂದಂತೆ ಅಲುಗಾಡಿಸಲು ಅದು ಬಿಡುವುದಿಲ್ಲ. ಶಾಟ್ ಮೊದಲೇ ಯೋಚಿಸಿ ಇಟ್ಟಿರಬೇಕು. ಮೊದಲ ಚಿತ್ರದಲ್ಲಿ ಸಿಗದ ಭೂಗೋಳ ಇಲ್ಲಿ ಸಿಕ್ಕಿದ್ದರಲ್ಲಿ ಈ ಶಿಸ್ತಿನ ಪಾಲು ದೊಡ್ಡದು. ಕೊನೆಯ ಶಾಟ್‌ನಲ್ಲಿ ಬರೀ ಮುಖ. ತನ್ನೂರಾದ ಹನ್ನೆರಡನೇ ಜಿಲ್ಲೆಯೇ ಇಲ್ಲ ಎಂದು ಕೇಳಿದ ಮೇಲೆ ಅಳು ಸಿಟ್ಟಾಗಿ ಗಟ್ಟಿಯಾಗುವುದನ್ನು ಮಾತಿಲ್ಲದೆ ತೋರಿಸುತ್ತದೆ. ಕಥೆ ಮುಗಿದಿಲ್ಲ, ಚಿತ್ರ ಮುಗಿದಿದೆ. ನಡುವಿನ ಭಾಗದಿಂದ ಬಯಸಬೇಕಾದದ್ದು ಇದೇ.

ಚಿತ್ರ ಜಗತ್ತಿನಾದ್ಯಂತ ಸುಮಾರು 86.5 ಕೋಟಿ ಡಾಲರ್ ಗಳಿಸಿತು. ಆದರೆ ಕೊನೆಯ ಪುಸ್ತಕ 'ಮಾಕಿಂಗ್‌ಜೇ' ಎರಡು ಚಿತ್ರವಾಗಲಿದೆ ಎಂಬ ಘೋಷಣೆ ಹೊರಬಿದ್ದದ್ದು 2012ರ ಜುಲೈನಲ್ಲಿ, ಈ ಎರಡನೇ ಭಾಗ ತೆರೆ ಕಾಣುವುದಕ್ಕೆ ವರ್ಷಕ್ಕೂ ಮೊದಲು. ಹ್ಯಾರಿ ಪಾಟರ್ ಮತ್ತು ಟ್ವೈಲೈಟ್ ಸರಣಿಗಳು ಆ ದಾರಿ ಹಾಕಿಕೊಟ್ಟಿದ್ದವು. ತೊಂದರೆ ಏನೆಂದರೆ ಆ ಪುಸ್ತಕದ ಮೊದಲರ್ಧ ಬಹುಪಾಲು ನೆಲಮಾಳಿಗೆ, ಪ್ರಚಾರದ ವಿಡಿಯೊಗಳು, ಕಾಯುವಿಕೆ. ಏರಿಕೆ ಇದೆ, ಶಿಖರ ಮಾತ್ರ ಇನ್ನರ್ಧದಲ್ಲಿದೆ. ಗಳಿಕೆ ಮೊದಲು 75 ಕೋಟಿಗೆ, ಆಮೇಲೆ 65 ಕೋಟಿಯ ಆಸುಪಾಸಿಗೆ ಇಳಿಯಿತು. 'ಡೈವರ್ಜೆಂಟ್' ಸರಣಿಯೂ ಕೊನೆಯ ಪುಸ್ತಕ ಸೀಳಿತು. 2016ರಲ್ಲಿ ಮೊದಲರ್ಧ ಬಿದ್ದಿತು, ಉಳಿದರ್ಧ ಇವತ್ತಿಗೂ ಚಿತ್ರವಾಗಿಲ್ಲ. ಸೀಳದ 'ಮೇಜ್ ರನ್ನರ್', ನಾಯಕನಟ ಸೆಟ್‌ನಲ್ಲಿ ಗಾಯಗೊಂಡು ತಡವಾದರೂ, 2018ರಲ್ಲಿ ಕಥೆ ಮುಗಿಸಿ ಹೊರಟಿತು.

2023ರ ಪೂರ್ವಕಥೆ ಹೊತ್ತಿಗೆ 'ಮಾಕಿಂಗ್‌ಜೇ' ವಿಭಜನೆಯ ಬಗ್ಗೆ ಲಾರೆನ್ಸ್ ಅವರೇ ಬಹಿರಂಗವಾಗಿ ವಿಷಾದಿಸಿದ್ದರು. ಪೂರ್ವಕಥೆಯದು ದಪ್ಪ ಕಾದಂಬರಿಯಾದರೂ ಒಂದೇ ಚಿತ್ರವಾಗಿ ಬಂತು.

ಈಗ ಬರಲಿರುವುದು ಕ್ಯಾಟ್ನಿಸ್‌ಳ ಮಾರ್ಗದರ್ಶಕ ಹೇಮಿಚ್ ಗೆದ್ದ 50ನೇ ಆಟದ ಕಥೆ, 48 ಸ್ಪರ್ಧಿಗಳದ್ದು. 'ಕ್ಯಾಚಿಂಗ್ ಫೈರ್' ಕಾದಂಬರಿಯಲ್ಲಿ ಕ್ಯಾಟ್ನಿಸ್ ಮತ್ತು ಅವಳ ಜಿಲ್ಲೆಯ ಸಹಸ್ಪರ್ಧಿ ಪೀಟಾ ರೈಲಿನಲ್ಲಿ ಕೂತು ಅದೇ ಆಟದ ಟೇಪ್ ನೋಡುತ್ತಾರೆ. 2013ರ ಚಿತ್ರ ಕೈಬಿಟ್ಟ ಪುಟಗಳಲ್ಲಿ ಅದೂ ಒಂದು.