ಠಸ್ಸೆ ಬ್ಲಾಕಿಗೆ ನಿಲ್ಲುತ್ತಿಲ್ಲ, ಅಂಟು ಹಚ್ಚಲೇ?

ಪ್ರಶ್ನೆ: ಅಕ್ಕಾರ, ನಾನು ಸಿಂಧನೂರಿನಾಕಿ. ಮದುವಿ, ಸೀಮಂತಕ್ಕ ಕೊಡೋ ಸಿಹಿ ಡಬ್ಬಿ ಮ್ಯಾಲೆ ಕ್ಲಿಯರ್ ಸ್ಟಾಂಪಿನಿಂದ, ಅಂದ್ರ ಪಾರದರ್ಶಕ ಠಸ್ಸೆಯಿಂದ, ಹೂವು, ಹೆಸರು ಒತ್ತಿ ಕೊಡ್ತೀನ್ರಿ. ತಂದಾಗ, ಹಿಡಿಕಿ ಹಾಂಗ ಬಳಸೋ ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಬ್ಲಾಕಿಗೆ ಛಲೋ ಹಿಡೀತಿದ್ವು. ಈಗ ಆರು ತಿಂಗಳಾತು, ಎರಡು ಸಲ ಒತ್ತೋದ್ರಾಗ ಕಳಚಿ ಡಬ್ಬಿಗೇ ಅಂಟ್ಕೊಂಡು ಬಿಡ್ತಾವ. ಬಣ್ಣಾನೂ ಹಳದಿ ಆಗೇತಿ. ಹಿಂದ ಫೆವಿಕ್ವಿಕ್ ಹಚ್ಚಲೇನ್ರಿ, ಇಲ್ಲಾ ಒಗದುಬಿಡ್ಲೇನ್ರಿ?

ಉತ್ತರ: ಎರಡೂ ಬೇಡ ತಂಗಿ. ಫೆವಿಕ್ವಿಕ್ ಹಚ್ಚಿದರೆ ಠಸ್ಸೆಯ ಜೊತೆಗೆ ಬ್ಲಾಕೂ ಹೋಯಿತು ಅಂದುಕೊಳ್ಳಿ. ಹಚ್ಚಿದ ಜಾಗ ಗಾಜಿನಂತೆ ಗಟ್ಟಿಯಾಗುತ್ತದೆ, ಕೀಳಲು ಹೋದರೆ ಹೂವಿನ ಅರ್ಧ ಎಸಳು ಬ್ಲಾಕಿನ ಮೇಲೇ ಉಳಿಯುತ್ತದೆ. ನಿಮ್ಮ ಠಸ್ಸೆಗೆ ಬೇಕಾಗಿರುವುದು ಸ್ನಾನ.

ಯಾಕೆ ಅಂತ ತಿಳಿಯಬೇಕಾದರೆ ಕೋರ್ಟು, ತಾಲ್ಲೂಕು ಕಚೇರಿಗಳ ಸುತ್ತ ಇರುವ ಸೀಲು ಮಾಡುವ ಅಂಗಡಿಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಬಳ್ಳಾರಿಯಲ್ಲಿ ನಾನು ನೋಡಿದ್ದೂ ಹಾಗೆಯೇ. ಅಕ್ಷರದ ನೆಗೆಟಿವ್ ಫಿಲ್ಮಿನ ಮೇಲೆ ಜೇನಿನಂಥ ದ್ರವ ಸುರಿದು, ಅತಿನೇರಳೆ ಬೆಳಕಿನ ಪೆಟ್ಟಿಗೆಯೊಳಗೆ ಇಡುತ್ತಾರೆ. ಬೆಳಕು ಬಿದ್ದ ಜಾಗ ಗಟ್ಟಿಯಾಗುತ್ತದೆ, ಬೀಳದ ಜಾಗ ದ್ರವವಾಗಿಯೇ ಉಳಿದು ತೊಳೆದಾಗ ಹರಿದುಹೋಗುತ್ತದೆ. ಉಳಿದದ್ದೇ ಅಚ್ಚು. ಇದಕ್ಕೆ ಫೋಟೊಪಾಲಿಮರ್ ಅನ್ನುತ್ತಾರೆ. ಒಳ್ಳೆಯ ಕ್ಲಿಯರ್ ಸ್ಟಾಂಪುಗಳೂ ಇದೇ ಜಾತಿಯವು. ಅದರ ಹಿಂಬದಿಗೆ ಯಾರೂ ಅಂಟು ಬಳಿದಿರುವುದಿಲ್ಲ. ಆ ವಸ್ತುವಿನದೇ ಮೆತ್ತನೆಯ ಜಿಗುಟು ನುಣುಪಾದ ಅಕ್ರಿಲಿಕ್ಕನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ ಅಂಟು ಖರ್ಚಾಯಿತು ಅನ್ನುವ ಮಾತೇ ಇಲ್ಲ. ಇಬ್ಬರ ನಡುವೆ ಮೂರನೆಯದು ಬಂದು ಕೂತಿದೆ, ಅಷ್ಟೇ: ಧೂಳು, ಬೆರಳಿನ ಎಣ್ಣೆ, ಒಣಗಿದ ಇಂಕು, ಹತ್ತಿಯ ಎಳೆ. ನಮ್ಮ ಬಳ್ಳಾರಿಯಲ್ಲಿ ಅದಿರಿನ ಕೆಂಪು ಧೂಳು, ನಿಮ್ಮ ರಾಯಚೂರು ಕಡೆ ಹತ್ತಿ. ಜಿಗುಟಿರುವ ವಸ್ತುವಿಗೆ ಇವೆಲ್ಲ ಕರೆಯದೇ ಬರುವ ನೆಂಟರು.

ಇನ್ನು ತೊಳೆಯುವ ವಿಷಯ. ಇಲ್ಲಿ ನಮ್ಮ ಎರಡೂ ಜಿಲ್ಲೆಯವರು ಒಂದೇ ತಪ್ಪು ಮಾಡುತ್ತೇವೆ. ಬೋರಿನ ಸವುಳು ನೀರಿಗೆ ಮೈಸೋಪು ತಿಕ್ಕಿ ತೊಳೆಯುತ್ತೇವೆ. ಸವುಳು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಬಿಳಿ ಕೆನೆ ಆಗುತ್ತದೆ. ಬಚ್ಚಲ ಬಕೆಟ್ಟಿನ ಅಂಚಿಗೆ ಹತ್ತಿದ ಬಿಳಿ ಪೊರೆ ನೋಡಿದ್ದೀರಲ್ಲ, ಅದೇ. ಅದು ಠಸ್ಸೆಯ ಹಿಂಬದಿಗೆ ತೆಳ್ಳಗೆ ಕೂತರೆ ಎಷ್ಟು ತೊಳೆದರೂ ಹಿಡಿತ ಬರುವುದಿಲ್ಲ. ತೊಳೆದಷ್ಟೂ ಕೆಡುತ್ತಿದೆಯಲ್ಲ ಅಂತ ನಾನೂ ಒಂದು ಬೇಸಿಗೆ ತಲೆ ಕೆಡಿಸಿಕೊಂಡಿದ್ದೆ. ಸೋಪು ಬಿಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ ಹಾಕಿ, ಹಳೆಯ ಮೆತ್ತನೆ ಟೂತ್‌ಬ್ರಶ್ಶಿನಿಂದ ಎರಡೂ ಬದಿ ಮೆಲ್ಲಗೆ ಉಜ್ಜಿ. ಕೊನೆಯ ಜಾಲಾಟಕ್ಕೆ ಮಾತ್ರ ಕುಡಿಯುವ ಫಿಲ್ಟರ್ ನೀರು, ಒಂದು ಲೋಟ ಸಾಕು. ತುಂಗಭದ್ರಾ ನೀರು ನಲ್ಲಿಗೆ ಬರುವ ಮನೆಯಾದರೆ ಈ ಕಾಟ ಕಡಿಮೆ. ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಟ್ಯಾಂಕಿನಿಂದ ಕೈ ಸುಡುವ ನೀರು ಬರುತ್ತದಲ್ಲ, ಅದು ಬೇಡ. ಕೊಡದಲ್ಲಿ ತಣಿದ ನೀರು ತಗೊಳ್ಳಿ.

ಒರೆಸಲು ಟವೆಲ್ ಮುಟ್ಟಬೇಡಿ, ಎಳೆಯೆಲ್ಲ ಮತ್ತೆ ಅಂಟುತ್ತದೆ. ನೀರು ಕೊಡವಿ, ಹಿಂಬದಿ ಮೇಲೆ ಮಾಡಿ, ಸ್ಟೀಲ್ ತಟ್ಟೆಯಲ್ಲಿ ನೆರಳಿಗೆ ಇಡಿ. ನಮ್ಮ ಒಣ ಹವೆಗೆ ಬೇಗನೆ ಆರುತ್ತದೆ. ಬ್ಲಾಕನ್ನೂ ಇದೇ ರೀತಿ ತೊಳೆಯಿರಿ. ಅನೇಕರು ಠಸ್ಸೆ ತೊಳೆದು ಬ್ಲಾಕು ಮರೆಯುತ್ತಾರೆ, ಜಿಡ್ಡು ಅಲ್ಲಿಯೇ ಇರುತ್ತದೆ. ಬ್ಲಾಕಿಗೆ ಥಿನ್ನರ್, ನೇಲ್ ಪಾಲಿಶ್ ರಿಮೂವರ್, ಸ್ಯಾನಿಟೈಸರ್ ಹಾಕಿದರೆ ಅಕ್ರಿಲಿಕ್ ಒಳಗೊಳಗೇ ಕೂದಲಿನಂಥ ಬಿರುಕು ಬಿಡುತ್ತದೆ, ಆಮೇಲೆ ಅದರ ಮೂಲಕ ಏನೂ ಸ್ಪಷ್ಟವಾಗಿ ಕಾಣುವುದಿಲ್ಲ.

ನೆರಳಿಗೆ ಅಂದೆ. ಒಮ್ಮೆ ಬೇಗ ಆರಲಿ ಅಂತ ಹನ್ನೆರಡು ಠಸ್ಸೆಗಳನ್ನು ಮಾಳಿಗೆ ಮೇಲಿಟ್ಟು ಬಂದು, ಸಂಜೆಯ ತನಕ ಮರೆತೆ. ಒಂದು ದಿನಕ್ಕೆ ಏನೂ ಆಗಲಿಲ್ಲ. ಅದೇ ಧೈರ್ಯದಲ್ಲಿ ಬೇಸಿಗೆ ಪೂರ್ತಿ ಅಲ್ಲಿಯೇ ಒಣಗಿಸಿದೆ. ಶ್ರಾವಣ ಬರುವ ಹೊತ್ತಿಗೆ ದಾಸವಾಳದ ಠಸ್ಸೆಯನ್ನು ಬ್ಲಾಕಿನಿಂದ ಬಿಡಿಸುವಾಗ ಎಸಳು ಹಪ್ಪಳದಂತೆ ಪಟಕ್ಕನೆ ಮುರಿಯಿತು. ಬೆಳಕಿನಿಂದ ಗಟ್ಟಿಯಾದ ವಸ್ತು ಇದು. ಬಿಸಿಲು ಬಿದ್ದರೆ ಆ ಕೆಲಸ ಮುಂದುವರಿಯುತ್ತಲೇ ಇರುತ್ತದೆ.

ಹಳದಿಗೆ ಎರಡು ಕಾರಣ. ಇಂಕಿನ ಕಲೆಯಾದರೆ ಚಿಂತೆ ಇಲ್ಲ. ಡೈ ಇಂಕು, ಪರ್ಮನೆಂಟ್ ಇಂಕು ಸಾಮಾನ್ಯವಾಗಿ ಕಲೆ ಬಿಡುತ್ತವೆ, ಮುದ್ರೆ ಮಾತ್ರ ಮೊದಲಿನಂತೆಯೇ ಬೀಳುತ್ತದೆ. ಬಿಸಿಲಿನ ಹಳದಿಯಾದರೆ ಜೊತೆಗೆ ಬಿರುಸೂ ಬಂದಿರುತ್ತದೆ. ಅಂಚನ್ನು ಬೆರಳಲ್ಲಿ ಸ್ವಲ್ಪ ಬಗ್ಗಿಸಿ ನೋಡಿ. ಮೆತ್ತಗೆ ಬಗ್ಗಿ ವಾಪಸು ಬಂದರೆ ಆರೋಗ್ಯವಾಗಿದೆ. ಬಗ್ಗದೆ ತಡೆದರೆ ಇನ್ನು ಅದನ್ನು ಎಚ್ಚರದಿಂದ ಬಳಸಿ. ಸಿಲಿಕೋನಿನಲ್ಲಿ ಅಚ್ಚು ಹಾಕಿದ ಅಗ್ಗದ ಠಸ್ಸೆಗಳೂ ಇವೆ. ಅವು ಮೊದಲಿಂದಲೇ ಹಾಲು ಕಲಸಿದ ಹಾಗೆ ಮಸುಕು, ಅಷ್ಟು ಹಳದಿ ತಿರುಗುವುದಿಲ್ಲ, ಎಳೆ ಹಿಡಿಯುವುದರಲ್ಲಿ ಮಾತ್ರ ಮೊದಲು.

ಕೂರಿಸುವುದಕ್ಕೂ ಒಂದು ರೀತಿ ಇದೆ. ಹೂವಾದರೆ ಬ್ಲಾಕಿನ ಮೇಲೆ ಇಟ್ಟು ನಡುವಿನಿಂದ ಅಂಚಿಗೆ ಒತ್ತುತ್ತ ಬನ್ನಿ, ಗಾಳಿ ಸಿಕ್ಕಿಕೊಂಡಿದ್ದರೆ ಬ್ಲಾಕಿನ ಮೇಲಿಂದಲೇ ಗುಳ್ಳೆ ಕಾಣುತ್ತದೆ. ಹೆಸರು ಜೋಡಿಸುವಾಗ ತಿರುವಿ ಮಾಡಿ: ಗೆರೆ ಇರುವ ನೋಟ್‌ಬುಕ್ಕಿನ ಮೇಲೆ ಅಕ್ಷರಗಳ ಮುಖ ಕೆಳಗೆ ಮಾಡಿ ಸಾಲಾಗಿ ಇಟ್ಟು, ಮೇಲಿನಿಂದ ಬ್ಲಾಕನ್ನು ಇಳಿಸಿ ಎತ್ತಿಕೊಳ್ಳಿ. ಪಾರದರ್ಶಕವಾದ್ದರಿಂದ ಹಿಂಬದಿಯಿಂದ ಹೆಸರು ಸರಿಯಾಗಿಯೇ ಓದಿಸಿಕೊಳ್ಳುತ್ತದೆ. ಇಂಗ್ಲಿಷಿಗೆ ಒಂದು ಗೆರೆ ಸಾಕು. ನಮ್ಮ ‘ಅಣ್ಣಪ್ಪ’ನಿಗೆ ಎರಡು ಒತ್ತಕ್ಷರ ಕೆಳಗಿಳಿಯಬೇಕು, ಹಾಗಾಗಿ ಎರಡು ಗೆರೆ ಹಿಡಿಯಿರಿ. ಬಿಡಿಸುವಾಗ ತೆಳು ಬಳ್ಳಿಯ ತುದಿ ಹಿಡಿದು ಎಳೆಯಬೇಡಿ, ದಪ್ಪ ಭಾಗದಿಂದ ಉರುಳಿಸಿ ಎಬ್ಬಿಸಿ. ಒತ್ತುವಾಗಲೂ ಬಲ ಕಡಿಮೆ ಇರಲಿ. ಸರ್ಕಾರಿ ಕಚೇರಿಯ ಗುಮಾಸ್ತರ ಹಾಗೆ ಧಡ್ ಅಂತ ಹೊಡೆದರೆ ಈ ಮೆತ್ತನೆ ವಸ್ತು ಹರಡಿ ಗೆರೆ ದಪ್ಪವಾಗುತ್ತದೆ.

ತೊಳೆದ ಮೇಲೂ ನಿಲ್ಲದಿದ್ದರೆ, ಎತ್ತಿ ಮತ್ತೆ ಹಚ್ಚಬಹುದಾದ ಡಬಲ್ ಸೈಡ್ ಟೇಪಿನ ಒಂದು ಚೂರು ನಡುವೆ ಇಡಿ. ಸೀಲಿನ ಅಂಗಡಿಯಲ್ಲಿ ಕನ್ನಡ ಹೆಸರು ಮಾಡಿಸುವವರಿಗೆ ಟೇಪು ಬೇಕೇ ಬೇಕು. ಅಂಥ ಸೀಲಿನ ಹಿಂದೆ ಗಟ್ಟಿ ಪ್ಲಾಸ್ಟಿಕ್ ಹಾಳೆ ಇರುವುದರಿಂದ ತಾನಾಗಿ ಹಿಡಿಯುವುದಿಲ್ಲ. ‘ಹಿಡಿಕೆಗೆ ಅಂಟಿಸದೆ ಹಾಗೇ ಕೊಡ್ರಿ’ ಅಂತ ಮೊದಲೇ ಹೇಳಿ.

ಇಡುವುದು ಸುಲಭ. ಬಂದಾಗ ಇದ್ದ ಪಾರದರ್ಶಕ ಹಾಳೆಗೇ ವಾಪಸು ಅಂಟಿಸಿ, ಹಳೆಯ ಸಿಡಿ ಡಬ್ಬಿಯಲ್ಲಿ ಮುಚ್ಚಿ, ಕಪಾಟಿನ ಕತ್ತಲಲ್ಲಿಡಿ. ತಗಡಿನ ಮನೆಯಾದರೆ ಮೇಲಿನ ಅಟ್ಟ ಬೇಡ, ಕೆಳಗಿನ ಖಾನೆ ಒಳ್ಳೆಯದು. ಒಂದರ ಮೇಲೊಂದು ಪೇರಿಸಿದರೆ ಒಂದಕ್ಕೊಂದು ಅಂಟಿ, ಬಿಡಿಸುವಾಗ ಹರಿಯುತ್ತವೆ.

ಮುರಿದದ್ದನ್ನೂ ಒಗೆಯುವ ಅವಸರ ಬೇಡ. ನನ್ನ ದಾಸವಾಳದ ಎಸಳು ಮುರಿದ ಹೂವನ್ನು ಕತ್ತರಿಯಿಂದ ಬಿಡಿಸಿ ತೆಗೆದೆ. ಉಳಿದ ಎರಡು ಎಲೆಗಳನ್ನು ಈಗಲೂ ತಾಂಬೂಲದ ಚೀಲಗಳ ಮೂಲೆಗೆ ಒತ್ತುತ್ತೇನೆ. ನೋಡಿದವರು ವೀಳ್ಯದೆಲೆ ಅಂದುಕೊಳ್ಳುತ್ತಾರೆ, ನಾನೂ ಹೌದು ಅನ್ನುತ್ತೇನೆ.