ಮಾರಿಕಣಿವೆಯೂ ಅಜ್ಜಿಯ ತೊಡೆಯೂ

ದಾವಣಗೆರೆಯ ಹೊರವಲಯದ ವೃದ್ಧಾಶ್ರಮವೊಂದರಲ್ಲಿ ನಮ್ಮ ಸೋದರತ್ತೆ ಇದ್ದಾರೆ. ಸೇರಿದ ದಿನ ತಾವೇ ಸೀರೆ ಉಟ್ಟು, ತಾವೇ ಮೆಟ್ಟಿಲು ಹತ್ತಿದ್ದರು. ಆರು ತಿಂಗಳಿಗೆ ಮಂಚ ಬಿಟ್ಟು ಏಳಲು ಇಬ್ಬರು ಬೇಕಾದರು. ಮನೆಯಲ್ಲಿ ಒಬ್ಬರು "ವಯಸ್ಸಾಯ್ತಲ್ಲ" ಅಂದರು. ಇನ್ನೊಬ್ಬರು ಸಾಡೇಸಾತಿ ಎಂದು ಎಳ್ಳೆಣ್ಣೆ ದೀಪ ಹಚ್ಚಿಸಿದರು. ಆರು ತಿಂಗಳಲ್ಲಿ ಯಾರಿಗೇ ಆಗಲಿ ವಯಸ್ಸು ಆರೇ ತಿಂಗಳು ಏರುತ್ತದೆ. ಶನಿಯಂತೂ ನೂರು ಕೋಟಿ ಕಿಲೋಮೀಟರ್‌ಗೂ ಆಚೆ ಇದ್ದಾನೆ. ಕಾರಣ ಇದ್ದದ್ದು ಅವರ ತೊಡೆಯ ಸ್ನಾಯುವಿನಲ್ಲಿ.

ಸ್ನಾಯು ಎಂದರೆ ಬರೀ ಎಳೆಯುವ ಹಗ್ಗ ಎಂದುಕೊಂಡಿದ್ದೇವೆ. ಅದೊಂದು ಜಲಾಶಯ ಕೂಡ. ಜ್ವರ ಬಂದಾಗ, ಗಾಯ ಮಾಯಬೇಕಾದಾಗ ದೇಹ ಸ್ನಾಯುವಿನ ಪ್ರೋಟೀನನ್ನೇ ಒಡೆದು ಅಮೈನೋ ಆಮ್ಲ ತೆಗೆದುಕೊಳ್ಳುತ್ತದೆ. ಹಿರಿಯೂರಿನ ಮಾರಿಕಣಿವೆಯನ್ನು ನೆನಪಿಸಿಕೊಳ್ಳಿ. 1907ರಲ್ಲಿ ವೇದಾವತಿಗೆ ಅಡ್ಡಲಾಗಿ ಎದ್ದು ನಿಂತು, ರಾಜಮಾತೆಯ ಹೆಸರಿನಲ್ಲಿ ವಾಣಿವಿಲಾಸ ಸಾಗರವಾದ ಕಟ್ಟೆ ಅದು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ! ನಡುವಿನ 89 ವರ್ಷ ಕಟ್ಟೆ ಒಡೆದಿರಲಿಲ್ಲ, ತೂಬು ಕೆಟ್ಟಿರಲಿಲ್ಲ. ಬಳಕೆಗೆ ತಕ್ಕ ಒಳಹರಿವು ಇರಲಿಲ್ಲ, ಅಷ್ಟೇ. ಮುದಿ ಸ್ನಾಯುವಿನ ಕಥೆಯೂ ಇದೇ. ಉಂಡ ಪ್ರೋಟೀನಿಗೆ ಎಳೆಯ ಸ್ನಾಯು ಸ್ಪಂದಿಸಿದಷ್ಟು ಮುದಿ ಸ್ನಾಯು ಸ್ಪಂದಿಸುವುದಿಲ್ಲ. ಅದಕ್ಕೆ ಮೊದಲು ಕೆಲಸ ಬೀಳಬೇಕು. ಎದ್ದು, ಕೂತು, ಭಾರ ಹೊತ್ತಾಗ ಮಾತ್ರ ಒಳಹರಿವಿನ ಬಾಗಿಲು ಸರಿಯಾಗಿ ತೆರೆಯುತ್ತದೆ. ಅಲುಗಾಡದೆ ಮಲಗಿಸಿ ಗಂಜಿ ಕುಡಿಸುವುದೆಂದರೆ ಮಳೆಯನ್ನೂ ತಡೆದು, ತೂಬನ್ನೂ ತೆರೆದಿಟ್ಟ ಹಾಗೆ.

ಇನ್ನೊಂದು ಸೂಕ್ಷ್ಮವಿದೆ. ಭದ್ರಾ ನಾಲೆಯಲ್ಲಿ ನೀರು ಕಡಿಮೆಯಾದರೆ ಮೊದಲು ಒಣಗುವುದು ಕೊನೆ ಭಾಗದ ರೈತರ ಗದ್ದೆ. ಸ್ನಾಯುವಿನಲ್ಲಿ ಆ ಕೊನೆ ಭಾಗ ಎಂದರೆ ವೇಗದ ಎಳೆಗಳು. ಬಚ್ಚಲಲ್ಲಿ ಕಾಲು ಜಾರಿದಾಗ ಥಟ್ಟನೆ ಸಾವರಿಸಿ ನಿಲ್ಲಿಸುವವು ಅವೇ. ವಯಸ್ಸಾದಂತೆ ಅವೇ ಮೊದಲು ಸೊರಗುತ್ತವೆ.

2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತ ಹಿರಿಯರು ಬರೀ 10 ದಿನ ಹಾಸಿಗೆಯಲ್ಲಿದ್ದರು. ಕಾಲುಗಳ ಕೊಬ್ಬುರಹಿತ ಅಂಗಾಂಶ ಸುಮಾರು 1 ಕಿಲೋ ಕರಗಿತ್ತು. ಕಾಯಿಲೆ ಏನೂ ಇರಲಿಲ್ಲ!

ಆಶ್ರಮದಲ್ಲಿ ಆಗಿದ್ದೇನು? ಕೆಟ್ಟವರು ಯಾರೂ ಇರಲಿಲ್ಲ. ಆಯಮ್ಮನಿಗೆ ಬೆಳಿಗ್ಗೆ ಹನ್ನೆರಡು ಜನರ ಸ್ನಾನ ಮುಗಿಸಬೇಕು. ಅತ್ತೆ ತಾವೇ ಕುಪ್ಪಸದ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ, ಆಯಮ್ಮ ಹಾಕಿದರೆ ಅರ್ಧ ನಿಮಿಷ. "ಬಿಡ್ರಿ ಅಜ್ಜಿ, ನಾನ್ ಹಾಕ್ತೀನಿ." ತಾನೇ ಮಾಡಿಕೊಂಡವರನ್ನು ಯಾರೂ ಮಾತಾಡಿಸುವುದಿಲ್ಲ, ಕೈಲಾಗದು ಎಂದವರ ಬಳಿ ಎಲ್ಲರೂ ಓಡಿ ಬರುತ್ತಾರೆ. ಮನಶ್ಶಾಸ್ತ್ರಜ್ಞೆ ಮಾರ್ಗ್ರೆಟ್ ಬಾಲ್ಟೆಸ್ ವೃದ್ಧಾಶ್ರಮಗಳಲ್ಲಿ ಗಮನವಿಟ್ಟು ದಾಖಲಿಸಿದ್ದು ಇದನ್ನೇ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ 1963ರಲ್ಲಿ ಸ್ನಾನ, ಬಟ್ಟೆ, ಶೌಚ, ಏಳುವುದು, ಮಲಮೂತ್ರ ಹಿಡಿತ, ಊಟ ಎಂಬ ಆರು ಕೆಲಸಗಳಿಂದ ಸ್ವಾವಲಂಬನೆ ಅಳೆಯುವ ವಿಧಾನ ಕೊಟ್ಟರು. ಸಾಮಾನ್ಯವಾಗಿ ಮೊದಲು ಕೈಬಿಡುವುದು ಸ್ನಾನ, ಕೊನೆಗೆ ಊಟ. ಮಗು ಕಲಿತದ್ದರ ಹಿಮ್ಮುಖ ದಾರಿ ಅದು. ಅತ್ತೆ ಆರೇ ತಿಂಗಳಲ್ಲಿ ಮೊದಲ ನಾಲ್ಕನ್ನು ಕಳೆದುಕೊಂಡಿದ್ದರು.

ಪಾರ್ಶ್ವವಾಯು, ಪಾರ್ಕಿನ್ಸನ್, ಮರೆಗುಳಿತನ ಕಸಿದುಕೊಂಡದ್ದು ಬೇರೆ ಲೆಕ್ಕ. ಬಳಸದೆ ಹೋದದ್ದು ಮಾತ್ರ ಬಹುಮಟ್ಟಿಗೆ ಮರಳಿ ಬರುತ್ತದೆ. 1990ರಲ್ಲಿ ಬಾಸ್ಟನ್ನಿನಲ್ಲಿ ಮರಿಯಾ ಫಿಯಾಟರೋನ್ ತಂಡ ಆರೈಕೆ ಕೇಂದ್ರದ 90ರ ಆಸುಪಾಸಿನ ಅಜ್ಜ ಅಜ್ಜಿಯರ ಕಾಲಿಗೆ 8 ವಾರ ಭಾರ ಎತ್ತುವ ತರಬೇತಿ ಕೊಟ್ಟಿತು. ಮುಗಿಸಿದವರ ಶಕ್ತಿ ಸರಾಸರಿ ಶೇ. 174ರಷ್ಟು ಏರಿತ್ತು. ತೊಂಬತ್ತರಲ್ಲಿ! ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕರೆದುಕೊಂಡು ಹೋದೆವು. ಗೋಡೆಗೆ ಒತ್ತಿಟ್ಟ ಕುರ್ಚಿ, ಬೆಳಿಗ್ಗೆ ಐದು ಸಲ, ಸಂಜೆ ಐದು ಸಲ ಏಳುವುದು. ಮೊಟ್ಟೆ ಮನೆತನಕ್ಕೆ ಒಗ್ಗದು, ಹಾಗಾಗಿ ಗಂಜಿಯ ಜಾಗಕ್ಕೆ ಹೆಸರುಕಾಳು ಪಲ್ಯ, ಗಟ್ಟಿ ಮೊಸರು, ಶೇಂಗಾ ಚಟ್ನಿಪುಡಿ ಬಂತು. ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಹೀಗೆ ಮಾಡಬೇಕು. ಆಯಮ್ಮನಿಗೆ ಕೇಳಿಕೊಂಡದ್ದು ಒಂದೇ: ಗುಂಡಿ ಅವರೇ ಹಾಕಿಕೊಳ್ಳಲಿ, ನೀವು ಪಕ್ಕದಲ್ಲಿ ಕೂತು ಮಾತಾಡಿಸಿ.

ಮೂರನೇ ತಿಂಗಳು ಹೋದಾಗ ಅತ್ತೆ ಕುರ್ಚಿಯಿಂದ ಒಬ್ಬರೇ ಎದ್ದರು. ಸ್ನಾನಕ್ಕೆ ಇನ್ನೂ ಆಯಮ್ಮ ಬೇಕು. ಕುಪ್ಪಸದ ಮೇಲಿನ ಗುಂಡಿ ತಪ್ಪು ಕಾಜಿಗೆ ಸೇರಿತ್ತು. ಸರಿ ಮಾಡಲು ನಾನು ಕೈ ಚಾಚಿದೆ, "ಇರು, ನಾನೇ ಹಾಕ್ಕೋತೀನಿ" ಅಂದರು.